ಪಿಂಗಾಣಿ–ಭಿತ್ತಿಪತ್ರ ಮೀಮಾಂಸೆ (ಪೂರ್ವಪಕ್ಷ ಸಹಿತ)

ಉಪಯೋಗಕ್ಕೆಂದು ಮಾಡಿದ ವಸ್ತುವನ್ನು ಉಪಯೋಗಿಸದೇ ಇಡುವ ಸಲುವಾಗಿ ದುಡ್ಡು ಕೊಟ್ಟು ಕೊಳ್ಳುವವನೇ ಸಂಗ್ರಾಹಕ. ಇದು ಲಕ್ಷಣ. ಇದಕ್ಕೆ ಅತಿವ್ಯಾಪ್ತಿ ದೋಷವಿದೆಯೆಂದು ಪೂರ್ವಪಕ್ಷಿಯ ಆಕ್ಷೇಪ. ವ್ಯಾಯಾಮದ ಸೈಕಲ್ ಕೊಂಡು ಅದರ ಮೇಲೆ ಟವೆಲ್ ಒಣಹಾಕುವವರೂ ಇದರೊಳಗೆ ಬಂದುಬಿಡುತ್ತಾರಲ್ಲ? ಆದಕಾರಣ ‘ಮತ್ತು ಅದರ ತಳ ತಿರುವಿ ನೋಡುವವನು’ ಎಂಬ ವಿಶೇಷಣವನ್ನು ಸೇರಿಸತಕ್ಕದ್ದು. ಸೈಕಲ್ಲನ್ನು ಯಾರೂ ತಿರುವಿ ನೋಡುವುದಿಲ್ಲವಾಗಿ ದೋಷ ಪರಿಹಾರವಾಯಿತು. ಪೋಸ್ಟರಿಗೆ ತಳವೆಲ್ಲಿದೆ ಎಂದರೆ, ಬೆನ್ನಿದೆ.

ಪೂರ್ವಪಕ್ಷಿ ಇಲ್ಲಿ ಕಲ್ಪಿತ ವ್ಯಕ್ತಿಯಲ್ಲ, ನಮ್ಮ ಸೋದರತ್ತೆ. ಅವರು ತರ್ಕಶಾಸ್ತ್ರ ಓದಿದವರಲ್ಲ, ಕೂಡುಕುಟುಂಬದಲ್ಲಿ ಪಳಗಿದವರು. ಮನೆಯ ಶೋಕೇಸಿನ ಧೂಳು ಒರೆಸುವ ಅಧಿಕಾರ ಅವರದೇ ಆದ್ದರಿಂದ ಈ ವಿಷಯದಲ್ಲಿ ಅವರ ಮಾತಿಗೆ ಪ್ರಾಮಾಣ್ಯವಿದೆ.

ಮೊದಲು ಪಿಂಗಾಣಿ ಪ್ರಕರಣ. ಈ ವ್ಯಾಧಿಯ ಆದ್ಯ ರೋಗಿ ಸ್ಯಾಕ್ಸನಿಯ ದೊರೆ, ಪೋಲೆಂಡಿನ ರಾಜನೂ ಆಗಿದ್ದ ಎರಡನೆಯ ಅಗಸ್ಟಸ್. ಚೀನಾ, ಜಪಾನುಗಳಿಂದ ಹಡಗಿನಲ್ಲಿ ಬರುವ ಬಟ್ಟಲು ಹೂಜಿಗಳಿಗೆ ಬೊಕ್ಕಸ ಸುರಿದು ಸಾಕಾಗಿದ್ದ ಅವನ ಕೈಗೆ, ಚಿನ್ನ ಮಾಡಬಲ್ಲೆನೆಂದು ಕೊಚ್ಚಿಕೊಂಡ ಬಾಟ್ಗರ್ ಎಂಬ ಹುಡುಗ ಸಿಕ್ಕಿದ. ದೊರೆ ಅವನನ್ನು ಕೂಡಿಹಾಕಿದ. ಚಿನ್ನವೇನೂ ಬರಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ, ಬಿಳಿ ಜೇಡಿಯನ್ನು ಉಗ್ರ ಕಾವಿನಲ್ಲಿ ಬೇಯಿಸಿದಾಗ, 1708ರ ಹೊತ್ತಿಗೆ ಯುರೋಪು ಅಷ್ಟುಕಾಲ ತಡಕಾಡುತ್ತಿದ್ದ ಗಟ್ಟಿ ಪಿಂಗಾಣಿ ಹೊರಬಂತು. 1710ರಲ್ಲಿ ಮೈಸನ್ ಕೋಟೆಯೊಳಗೆ ಕಾರ್ಖಾನೆ ಶುರುವಾಯಿತು. ಕೋಟೆ ಏಕೆಂದರೆ, ಗುಟ್ಟು ತಪ್ಪಿಸಿಕೊಂಡು ಹೋಗಬಾರದು. ಗುಟ್ಟು ತಿಳಿದವರಂತೂ ಹೋಗಲೇಬಾರದು. ಬಾಟ್ಗರ್ 1719ರಲ್ಲಿ ಮೂವತ್ತೇಳಕ್ಕೇ ತೀರಿಕೊಂಡ.

ಇಷ್ಟಾದರೂ ದೊರೆಯ ಕಾಯಿಲೆ ಇಳಿಯಲಿಲ್ಲ. 1717ರಲ್ಲಿ ಪ್ರಷ್ಯದ ರಾಜನಿಗೆ ತನ್ನ 600 ಡ್ರಗೂನ್ ಸವಾರ ಸಿಪಾಯಿಗಳನ್ನು ಕೊಟ್ಟು 151 ಚೀನೀ ಪಿಂಗಾಣಿಗಳನ್ನು ತರಿಸಿಕೊಂಡ. ಭಾಗಾಕಾರ ಮಾಡಿದರೆ ಒಂದು ಪಿಂಗಾಣಿಗೆ ನಾಲ್ಕು ಸಿಪಾಯಿಗೆ ತುಸು ಕಡಿಮೆ ಬೀಳುತ್ತದೆ. ಆ ತುಸುವಿನ ಲೆಕ್ಕ ಯಾವ ಸಿಪಾಯಿಯ ಮೈಮೇಲೆ ಬಂತೆಂಬುದನ್ನು ವಿದ್ವಾಂಸರು ವಿಚಾರಿಸಬೇಕಾಗಿದೆ. ಅವುಗಳಲ್ಲಿನ ಎತ್ತರದ ನೀಲಿ-ಬಿಳಿ ಜಾಡಿಗಳಿಗೆ ಆ ಸವಾರರ ಹೆಸರೇ ನಿಂತು ‘ಡ್ರಗೂನ್ ಜಾಡಿ’ ಎಂದಾಯಿತು. ಡ್ರೆಸ್ಡನ್ನಿನ ಸಂಗ್ರಹಾಲಯದಲ್ಲಿ ಈಗಲೂ ಸೆಟೆದು ನಿಂತಿವೆ.

“ಆ ಆರುನೂರು ಜನರನ್ನ ಒಂದು ಮಾತು ಕೇಳಿದ್ನೇನೋ?” ಎಂದರು ಪೂರ್ವಪಕ್ಷಿ.

ಸಮಾಧಾನ: ಪ್ರಶ್ನೆ ಅಪ್ರಸ್ತುತ. ಜಾಡಿಗಳನ್ನೂ ಯಾರೂ ಕೇಳಿರಲಿಲ್ಲ.

ಇನ್ನು ಪರೀಕ್ಷಾವಿಧಿ. ಪಾತ್ರೆಯನ್ನು ದೀಪಕ್ಕೆ ಹಿಡಿದರೆ ಆಚೆ ಬದಿಯ ಬೆರಳಿನ ನೆರಳು ಮಸುಕಾಗಿ ಕಾಣಬೇಕು. ಉಗುರಿನಿಂದ ತಟ್ಟಿದರೆ ಟಿಣ್ಣೆಂದು ದನಿ ಎಳೆಯಬೇಕು. ಟಪ್ಪೆಂದರೆ ಎಲ್ಲೋ ಸೀಳಿದೆ. ತಳದ ಬಳೆಗೆ ಮೆರುಗು ಹತ್ತಿರುವುದಿಲ್ಲ, ಬೆರಳಾಡಿಸಿದರೆ ಸಣ್ಣ ಮರಳುಕಾಗದದಂತೆ ತರಿತರಿ. ಅದರ ನಡುವೆ, ಮೆರುಗಿನ ಕೆಳಗೆ ನೀಲಿಯಲ್ಲಿ ಎರಡು ಅಡ್ಡಗತ್ತಿ ಕಂಡರೆ ಮೈಸನ್. ಆ ಕತ್ತಿಗಳ ಮೇಲೆ ಗೀರು ಎಳೆದಿದ್ದರೆ ಅದು ಕಾರ್ಖಾನೆಯೇ ಎರಡನೆಯ ದರ್ಜೆಗೆ ತಳ್ಳಿದ ಮಾಲು. ಗೀರಿಲ್ಲದಿದ್ದರೂ ಹಿಗ್ಗುವಂತಿಲ್ಲ. ಹತ್ತೊಂಬತ್ತನೇ ಶತಮಾನದ ಪ್ಯಾರಿಸಿನಲ್ಲಿ ಸ್ಯಾಮ್ಸನ್ ಮನೆತನದವರು ಹಳೆಯ ಮಾಲುಗಳನ್ನು ನಕಲು ಮಾಡಿದ್ದೇ ಮಾಡಿದ್ದು. ಹೋಲಿಕೆಯ ಗುರುತುಗಳನ್ನೂ ಹಾಕಿದರು. ಈಗ ಅವರ ನಕಲುಗಳಿಗೇ ಪ್ರತ್ಯೇಕ ಸಂಗ್ರಾಹಕರಿದ್ದಾರೆ, ಅಂದರೆ ಸಾಚಾ ಸುಳ್ಳನ್ನು ಸುಳ್ಳು ಸುಳ್ಳಿನಿಂದ ಬೇರ್ಪಡಿಸುವ ಉಪಶಾಸ್ತ್ರವೊಂದು ಹುಟ್ಟಿದೆ. ನನ್ನಲ್ಲಿರುವ ಪಿಟೀಲು ಬಾರಿಸುವ ಕೋತಿ ಈ ಮೂರರಲ್ಲಿ ಯಾವುದೆಂಬುದು ವಿವಾದಾಸ್ಪದ. ಮೈಸನ್ನಿನ ಶಿಲ್ಪಿ ಕ್ಯಾಂಡ್ಲರ್ ರೂಪಿಸಿದ ಕೋತಿಗಳ ವಾದ್ಯಮೇಳ ಲೋಕಪ್ರಸಿದ್ಧ. ನಮ್ಮ ಕೋತಿ ಆ ಮೇಳದಿಂದ ಬಂದದ್ದೋ, ಮೇಳದ ಹೆಸರು ಹೇಳಿಕೊಂಡು ತಿರುಗುವುದೋ ತಿಳಿಯದು. ಬಾಲ ಮುರಿದಿರುವುದು ಪ್ರಾಚೀನತೆಗೆ ಸಾಕ್ಷಿಯೆಂದು ಸಿದ್ಧಾಂತ. ಹೋದ ದೀಪಾವಳಿಯ ಗುಡಿಸಾಟಕ್ಕೆ ಸಾಕ್ಷಿಯೆಂದು ಪೂರ್ವಪಕ್ಷ. ಪೂರ್ವಪಕ್ಷಿಯೇ ಪ್ರತ್ಯಕ್ಷದರ್ಶಿಯಾಗಿರುವುದರಿಂದ ಈ ಚರ್ಚೆಯನ್ನು ಇಲ್ಲಿಗೇ ಕೈಬಿಡಲಾಗಿದೆ.

ಭಿತ್ತಿಪತ್ರ ಪ್ರಕರಣಕ್ಕೆ ಬಂದರೆ ರೋಗಿಗಳ ಅಂತಸ್ತು ಇಳಿಯುತ್ತದೆ. ಇಲ್ಲಿ ಸಿಪಾಯಿಗಳು ಬೇಕಿಲ್ಲ, ಒದ್ದೆ ಸ್ಪಂಜು ಸಾಕು. 1881ರ ಜುಲೈ 29ರ ಪತ್ರಿಕಾ ಕಾನೂನು ಫ್ರಾನ್ಸಿನ ಗೋಡೆಗಳನ್ನು ಪೋಸ್ಟರಿಗೆ ಬಿಡುಗಡೆ ಮಾಡಿತು. ಶೆರೆ ಎಂಬಾತ ಬಣ್ಣದ ಕಲ್ಲಚ್ಚಿನಲ್ಲಿ ನಗುವ ಹೆಂಗಸರನ್ನು ಬೀದಿ ತುಂಬ ಕುಣಿಸಿದ. 1891ರಲ್ಲಿ ಚಿತ್ರಕಾರ ಲೋತ್ರೆಕ್ ಮೂಲ್ಯಾಂ ರೂಜ್ ನೃತ್ಯಶಾಲೆಗೆ ಆಳೆತ್ತರದ ಪೋಸ್ಟರು ಬರೆದ. ರಾತ್ರಿ ಅಂಟು ಆರುವ ಮುನ್ನ ಸಂಗ್ರಾಹಕರು ಹಾಜರು. ಅಂಟಿಸುವವನ ಕೈ ಬೆಚ್ಚಗೆ ಮಾಡಿದವರೂ ಉಂಟು. ಎಲ್ಲರೂ ನೋಡಲೆಂದು ಹಚ್ಚಿದ್ದನ್ನು ಒಬ್ಬನೇ ನೋಡಲು ಒಯ್ಯುವ ಈ ಕ್ರಿಯೆಗೆ ಶಾಸ್ತ್ರದಲ್ಲಿ ‘ಸಂರಕ್ಷಣೆ’ ಎಂದು ಹೆಸರು.

ಬೀದಿಯ ಪೋಸ್ಟರಿಗಿಂತ ಚಿತ್ರಪ್ರದರ್ಶನದ ಪೋಸ್ಟರಿಗೆ ಗೌರವ ಹೆಚ್ಚು, ಏಕೆಂದರೆ ಅದು ಮುಗಿದುಹೋದ ಸಂಗತಿಯನ್ನು ಇನ್ನಷ್ಟು ಗಂಭೀರವಾಗಿ ಸಾರುತ್ತದೆ. ವಿಯೆನ್ನಾದ ‘ಸಿಸೆಷನ್’ ಚಿತ್ರಕಾರರ ಬಳಗದ 1898ರ ಮೊದಲ ಪ್ರದರ್ಶನಕ್ಕೆ ಕ್ಲಿಮ್ಟ್ ಬರೆದದ್ದನ್ನೇ ನೋಡಿ. ಅದರಲ್ಲಿ ಥೀಸಿಯಸ್ ವೀರ ಬರಿಮೈಯಲ್ಲಿ ಗೂಳಿದಲೆಯ ರಾಕ್ಷಸನನ್ನು ಕೊಲ್ಲುತ್ತಿದ್ದ. ಕೊಲೆಗೆ ಅಧಿಕಾರಿಗಳ ಅಭ್ಯಂತರವಿರಲಿಲ್ಲ. ಬರಿಮೈಗೆ ಇತ್ತು. ಆಯಕಟ್ಟಿನ ಜಾಗಕ್ಕೆ ಸರಿಯಾಗಿ ಮರದ ಕಾಂಡಗಳು ಬೆಳೆದು, ಮತ್ತೆ ಅಚ್ಚಾಯಿತು. ಸಂಗ್ರಾಹಕರು ಹುಡುಕುವುದು ಮರ ಬೆಳೆಯುವ ಮುಂಚಿನ ಪ್ರತಿಯನ್ನು. ಅರಣ್ಯನಾಶವನ್ನು ಇಷ್ಟು ನಿಷ್ಠೆಯಿಂದ ಬಯಸುವ ಇನ್ನೊಂದು ವಿದ್ವತ್ಕ್ಷೇತ್ರವನ್ನು ನಾನಂತೂ ಕಂಡಿಲ್ಲ.

ಎರಡೂ ವ್ಯಾಧಿ ಒಂದೆಡೆ ಕೂಡುವ ಸಂಧಿಸ್ಥಾನ ಫ್ರಾನ್ಸಿನ ದಕ್ಷಿಣದ ಕುಂಬಾರರ ಊರು ವಲ್ಲೋರಿಸ್. ಎರಡನೇ ಮಹಾಯುದ್ಧದ ನಂತರ ಪಿಕಾಸೊ ಅಲ್ಲಿನ ಮಾದುರಾ ಕುಂಬಾರಿಕೆಯಲ್ಲಿ ತಟ್ಟೆ, ಹೂಜಿ ಮಾಡತೊಡಗಿದ. ಊರಿನ ಪ್ರದರ್ಶನಗಳಿಗೆ ಪೋಸ್ಟರನ್ನೂ ತಾನೇ ಮಾಡಿದ. 1950ರ ದಶಕದಲ್ಲಿ ಅದಕ್ಕೆ ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯನ್ನೇ ಕೆತ್ತಿ ಅಚ್ಚು ಹಾಕಿಸಿದ. ಮಡಕೆಯ ವಿಷಯ ಹೇಳುವ ಪೋಸ್ಟರು! ಅಂಥ ಒಂದರ ಮರುಮುದ್ರಣವನ್ನು ನಾನು ಕೊಂಡು ತಂದಾಗ ಪೂರ್ವಪಕ್ಷಿ ಎತ್ತಿದ ಆಕ್ಷೇಪಗಳು ಎರಡು. ಒಂದು, ಪಿಕಾಸೊ ಮಾಡಿದ್ದು ಮಣ್ಣಿನ ಪಾತ್ರೆಯೇ ಹೊರತು ಪಿಂಗಾಣಿಯಲ್ಲ, ಆದ್ದರಿಂದ ಸಂಧಿಯಾಗಲಿಲ್ಲ. ಎರಡು, “ಹೋದ ವರ್ಷದ ಲಗ್ನಪತ್ರಿಕೆಗೆ ಯಾರಾದ್ರೂ ಕಟ್ಟು ಹಾಕಿಸ್ತಾರೇನೋ?”

ಮೊದಲನೆಯದನ್ನು ಒಪ್ಪಲಾಗಿದೆ. ಎರಡನೆಯದಕ್ಕೆ ಉತ್ತರ ಕೊಡುವ ಸಂದರ್ಭವೇ ಬರಲಿಲ್ಲ. ಕಟ್ಟು ಹಾಕಿಸಿ ತಂದ ಮೇಲೆ ಬಾಡಿಗೆ ಕರಾರು ತೆಗೆದು ನೋಡಲಾಗಿ, ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ, ಯಾವುದನ್ನೂ ಅಂಟಿಸತಕ್ಕದ್ದಲ್ಲ ಎಂಬ ಷರತ್ತು ಇತ್ತು. 1881ರ ಫ್ರೆಂಚ್ ಕಾನೂನು ನಮ್ಮ ಮನೆ ಮಾಲೀಕರಿಗೆ ಅನ್ವಯಿಸುವುದೇ ಎಂಬ ಬಗ್ಗೆ ವಕೀಲರನ್ನು ವಿಚಾರಿಸಿದ್ದೇನೆ. ಅವರು ಇನ್ನೂ ಫೋನ್ ಎತ್ತಿಲ್ಲ. ಸದ್ಯ ಪಿಕಾಸೊ ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿಕೊಂಡಿದ್ದಾನೆ. ಹಾಗಾಗಿ ಬೆನ್ನು ನೋಡಲು ತಿರುವುವ ಅಗತ್ಯವಿಲ್ಲ.