ಉಂಡ ಮನೆಯ ಜಂತೆ

"ಉಂಡ ಮನೆಯ ಜಂತೆ ಎಣಿಸಬಾರದು ಕಣಮ್ಮಾ" ಅಂದರು ಪಕ್ಕದ ಮನೆ ಅಜ್ಜಿ, ಬೇಲಿಯ ಆಚೆ ನಿಂತು ನುಗ್ಗೆಸೊಪ್ಪು ಬಿಡಿಸುತ್ತ. ನನ್ನ ಕೈಯಲ್ಲಿ ಮೈಸೂರು ವಾಸುದೇವಾಚಾರ್ಯರ 'ನೆನಪುಗಳು' ಇತ್ತು. ಏನು ಪುಸ್ತಕ ಅಂತ ಅವರೇ ಕೇಳಿದರು. ಅರಮನೆಯಲ್ಲಿ ಸಂಬಳಕ್ಕಿದ್ದ ವಿದ್ವಾಂಸರು ತಮ್ಮ ಕಾಲದ ಬಗ್ಗೆ ಬರೆದದ್ದು ಅಂದೆ. ಅಷ್ಟಕ್ಕೇ ಬಂತು ಈ ಗಾದೆ.

ಅಜ್ಜಿಯ ಮನೆಮಾತು ತಮಿಳು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು, ಅಲ್ಲಿನ ಚಿನ್ನದ ಗಣಿ ಮುಚ್ಚಿದ ಮೇಲೆ ಮಗನ ಜೊತೆ ಬಂಗಾರಪೇಟೆಗೆ ಬಂದವರು. ಅವರ ಅಪ್ಪ ಬಿಳಿ ದೊರೆಯೊಬ್ಬರ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಆದ್ದರಿಂದ ಗಾದೆಯನ್ನು ಅವರು ಸುಮ್ಮನೆ ಎಸೆದದ್ದಲ್ಲ. ಆ ಮನೆಯ ಸಂಬಳ ತಿಂದು ಬೆಳೆದ ಮಗಳ ನಿಷ್ಠೆ ಅದರಲ್ಲಿತ್ತು.

ಅದಕ್ಕೆ ನಾನು ಇಂಗ್ಲೆಂಡಿನ ಒಂದು ಕಥೆ ಹೇಳಿದೆ. ಮುಂದೆ ರಾಣಿಯಾದ ಎಲಿಜಬೆತ್‌ಗೂ ತಂಗಿ ಮಾರ್ಗರೆಟ್‌ಗೂ ಚಿಕ್ಕಂದಿನಲ್ಲಿ ಪಾಠ ಹೇಳಿಕೊಟ್ಟ ಮೇರಿಯನ್ ಕ್ರಾಫರ್ಡ್ 1950ರಲ್ಲಿ 'ದಿ ಲಿಟಲ್ ಪ್ರಿನ್ಸೆಸಸ್' ಎಂಬ ಪುಸ್ತಕ ಬರೆದರು. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಬರೆದದ್ದು. ಆದರೂ ರಾಜಮನೆತನ ಅವರನ್ನು ದೂರ ಮಾಡಿತು. 1988ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಬಾಗಿಲು ಮತ್ತೆ ತೆರೆಯಲಿಲ್ಲ. "ನೋಡಿದೆಯಾ, ನಾ ಹೇಳಿದ್ದು ಅದೇ" ಅಂದರು ಅಜ್ಜಿ. ನನಗೆ ಮಾತ್ರ ಅದು ಅನ್ಯಾಯ ಅನ್ನಿಸುತ್ತದೆ. ವರ್ಷಗಟ್ಟಲೆ ದುಡಿದವಳಿಗೆ ತನ್ನ ಬದುಕಿನ ಅಷ್ಟು ಭಾಗ ತನ್ನದಲ್ಲ ಅಂದರೆ ಹೇಗೆ?

ವಾಸುದೇವಾಚಾರ್ಯರ ದಾರಿ ಬೇರೆ. ಹುಟ್ಟಿದ್ದು 1865ರಲ್ಲಿ, ಮೈಸೂರಿನಲ್ಲೇ. ತಂದೆ ಬೇಗ ಹೋದರು. ತಿರುವೈಯಾರಿನಲ್ಲಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರ ಸಂಗೀತ ಕಲಿಯಲು ಕಳಿಸಿಕೊಟ್ಟದ್ದು ಮಹಾರಾಜರು. ಆಸ್ಥಾನ ವಿದ್ವಾಂಸರಾಗಿ, ಕೊನೆಗೆ ಜಯಚಾಮರಾಜ ಒಡೆಯರಿಗೂ ಸಂಗೀತ ಹೇಳಿಕೊಟ್ಟರು. ಇಷ್ಟೆಲ್ಲ ಋಣವಿದ್ದ ಮನುಷ್ಯ ಬರೆಯಲು ಕೂತರೆ ರಾಜರ ಗುಣಗಾನದಲ್ಲೇ ಪುಟ ತುಂಬಬಹುದಿತ್ತು. ಆದರೆ ಅವರು 'ನಾ ಕಂಡ ಕಲಾವಿದರು' ಅಂತ ಇನ್ನೊಂದು ಪುಸ್ತಕವನ್ನೇ ಬರೆದು, ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪನವರಂಥ ಜೊತೆಯವರನ್ನು ಮುಂದೆ ತಂದು ಕೂರಿಸಿದರು. ಅರಮನೆಯ ಗುಟ್ಟು ಬಿಚ್ಚಲಿಲ್ಲ, ಅರಮನೆಯಲ್ಲಿ ದುಡಿದವರ ಹೆಸರು ಉಳಿಸಿದರು. ದೊಡ್ಡ ಮನೆಯಲ್ಲಿ ಕೆಲಸ ಮಾಡಿದವರ ನೆನಪಿನ ಪುಸ್ತಕವನ್ನು ಇದೊಂದರಿಂದಲೇ ಅಳೆಯಬೇಕು ಅಂತ ನನ್ನ ಅಭಿಪ್ರಾಯ: ಜೊತೆಯಲ್ಲಿ ದುಡಿದವರಿಗೆ ಅದರಲ್ಲಿ ಎಷ್ಟು ಜಾಗ ಸಿಕ್ಕಿದೆ?

ದಿವಾನರೂ ಬರೆದಿದ್ದಾರೆ. ವಿಶ್ವೇಶ್ವರಯ್ಯನವರ ವೃತ್ತಿಜೀವನದ ನೆನಪುಗಳು 1951ರಲ್ಲಿ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿ, ಅವರ ಆಪ್ತ ಕಾರ್ಯದರ್ಶಿಯಾಗಿದ್ದು ಆಮೇಲೆ ದಿವಾನರಾದ ಮಿರ್ಜಾ ಇಸ್ಮಾಯಿಲ್ಲರ ಪುಸ್ತಕ 1954ರಲ್ಲಿ. ನಮ್ಮ ಮುಳಬಾಗಿಲಿನ ಡಿ.ವಿ.ಜಿ. ಅರಮನೆಯ ನೌಕರರಲ್ಲ, ಹುಡುಗರಾಗಿದ್ದಾಗ ಸ್ವಲ್ಪ ದಿನ ಕೆಜಿಎಫ್‌ನ ಸೋಡಾ ಕಾರ್ಖಾನೆಯಲ್ಲಿ ದುಡಿದವರು. ಅವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ದಿವಾನರ ಪಕ್ಕದಲ್ಲೇ ಹೆಸರಿಲ್ಲದ ಸಣ್ಣ ಜನರೂ ಕೂತಿದ್ದಾರೆ.

"ನಮ್ಮಪ್ಪನಿಗೆ ಬರೆಯೋಕೆ ಬರ್ತಿರಲಿಲ್ಲಮ್ಮಾ" ಅಂದರು ಅಜ್ಜಿ. ಆಮೇಲೆ ನಾನೇನೂ ಕೇಳಬೇಕಾಗಲಿಲ್ಲ.

ಬಂಗಲೆಯಲ್ಲಿ ಪಿಂಗಾಣಿ ತಟ್ಟೆಗಳ ದೊಡ್ಡ ಬೀರು ಇತ್ತಂತೆ. ನೆಲದಡಿ ಬಂಡೆ ಸಿಡಿದರೆ, ಅದನ್ನು ಕೆಜಿಎಫ್‌ನವರು ಏರ್ ಬ್ಲಾಸ್ಟ್ ಅನ್ನುತ್ತಾರೆ, ಮೇಲಿದ್ದ ಮನೆಗಳೆಲ್ಲ ನಡುಗುತ್ತಿದ್ದವು. ತಟ್ಟೆ ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೋ ಏನೋ ಅನ್ನುವ ಭಯಕ್ಕೆ ಅಪ್ಪ ಪ್ರತಿ ರಾತ್ರಿ ಎರಡು ತಟ್ಟೆಗಳ ನಡುವೆ ಒಂದೊಂದು ಹಳೇ ಬಟ್ಟೆ ತುಂಡು ಇಟ್ಟು ಜೋಡಿಸುತ್ತಿದ್ದರು. ಬೆಳಿಗ್ಗೆ ಮತ್ತೆ ಒಂದೊಂದಾಗಿ ತೆಗೆಯುತ್ತಿದ್ದರು. ಬಟ್ಟೆ ಹರಿದುಕೊಟ್ಟದ್ದು ಅಜ್ಜಿಯ ಅಮ್ಮ, ತಮ್ಮ ಹಳೇ ಸೀರೆಯಿಂದ. ಒಂದು ರಾತ್ರಿ ಜೋರಾಗಿ ಸಿಡಿಯಿತು. ಅಪ್ಪ ಬಂಗಲೆಯ ಕಡೆ ಓಡಲಿಲ್ಲವಂತೆ, ಬಾವಿಯ ಕಡೆ ಓಡಿದರಂತೆ. ಬಾವಿ ಅಂದರೆ ಇಲ್ಲಿ ಗಣಿಯ ಶಾಫ್ಟ್. ಅವರ ತಮ್ಮ ಆ ಪಾಳಿಯಲ್ಲಿ ಕೆಳಗಿದ್ದ. ಬೆಳಗಿನ ಜಾವ ತಮ್ಮ ಮೇಲೆ ಬಂದ ಮೇಲೇ ಅಪ್ಪ ಹೋಗಿ ದೊರೆಗೆ ಟೀ ಕೊಟ್ಟದ್ದು. ತಟ್ಟೆ ಒಂದೂ ಒಡೆದಿರಲಿಲ್ಲ.

ಇದರಲ್ಲಿ ಜಂತೆ ಎಣಿಸಿದ್ದು ಎಲ್ಲಿದೆ? ದೊರೆಯ ಮರ್ಯಾದೆಗೆ ಒಂದು ಗೆರೆಯೂ ಬೀಳಲಿಲ್ಲ. ಬಂಗಲೆಯ ಊಟದ ಮೇಜೂ ಮೂರು ಕಿಲೋಮೀಟರ್ ಆಳದ ಚಾಂಪಿಯನ್ ರೀಫ್ ಗಣಿಯೂ ಒಂದೇ ಮನೆಯ ಅಣ್ಣತಮ್ಮಂದಿರ ಹೆಗಲ ಮೇಲೆ ನಿಂತಿದ್ದವು ಅನ್ನುವುದು ಮಾತ್ರ ಗೊತ್ತಾಯಿತು. ಕೆಜಿಎಫ್ ಚರಿತ್ರೆ ಅಂದರೆ 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು, ಮಿನಿ ಇಂಗ್ಲೆಂಡ್, ಕ್ಲಬ್ಬು, ಗಾಲ್ಫು ಎಂದು ಹೇಳುತ್ತ ಬಂದಿದ್ದೇವೆ. ಅದೆಲ್ಲ ನಿಜ. ಆದರೆ ಆ ಬಂಗಲೆಗಳಲ್ಲಿ ಒಲೆ ಹಚ್ಚಿದವರು, ಮಗು ಎತ್ತಿದ ಆಯಾಗಳು, ಗುಲಾಬಿಗೆ ನೀರು ಹೊತ್ತ ಮಾಲಿಗಳು ಯಾವ ಪುಟದಲ್ಲಿದ್ದಾರೆ? ನಮ್ಮ ಕಡೆಯ ಅರಮನೆಗಳು ಇವೇ ಆಗಿದ್ದವು, ಇವರೇ ಅವುಗಳ ನೌಕರರು.

ಸೊಪ್ಪು ಬಿಡಿಸಿ ಮುಗಿದಾಗ ಅಜ್ಜಿ, "ಅಪ್ಪನ ಹೆಸರು ಹಾಕದೆ ಬರೆದರೆ ತಪ್ಪಿಲ್ಲ ಬಿಡು" ಅಂದರು. ಅದಕ್ಕೇ ಇಲ್ಲಿ ಹೆಸರಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಗಲೆಗಳಲ್ಲಿ ದುಡಿದವರು ಈಗ ಬಹುಪಾಲು ಇಲ್ಲ. ಅವರ ಮಕ್ಕಳಿಗೂ ವಯಸ್ಸಾಗಿದೆ. ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೆ ಯಾರ ಮನೆಯಲ್ಲಿ ಅಂಥ ಹಿರಿಯರಿದ್ದಾರೋ ಅವರಲ್ಲಿ ನನ್ನದೊಂದು ಕೋರಿಕೆ: ಈ ಭಾನುವಾರವೇ ಅವರ ಪಕ್ಕ ಕೂತು ಫೋನಿನಲ್ಲಿ ಮಾತು ಹಿಡಿದಿಟ್ಟುಕೊಳ್ಳಿ. ದೊರೆಯ ಗುಟ್ಟು ಕೇಳಬೇಡಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಕೆಲಸ ಕಲಿಸಿದವರು ಯಾರು, ಸಂಬಳ ಎಷ್ಟು, ಜೊತೆಗೆ ಯಾರ್‍ಯಾರಿದ್ದರು ಅಂತ ಕೇಳಿ.