ನಾಲ್ಕು ತಾಲ್ಲೂಕಿನ ಬಲ್ಬ್ ಪಂಡಿತರಿಗೆ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸಮಸ್ತ ಬಲ್ಬ್ ಪಂಡಿತರಿಗೆ ಹಾನಗಲ್ ಕಡೆಯ ವಿಜ್ಞಾನ ಮಾಸ್ತರನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ: ನಮ್ಮ ಶಾಲೆಯ ಪ್ರೊಜೆಕ್ಟರಿನ ಬಲ್ಬು ತೀರಿಕೊಂಡಿದೆ.

ಡಬ್ಬಿಯ ಮೇಲೆ ಆಯುಷ್ಯ 4,000 ಗಂಟೆ ಎಂದಿತ್ತು. ವಾರಕ್ಕೆ 3 ಗಂಟೆ, ವರ್ಷಕ್ಕೆ 40 ವಾರ ಎಂದು ಹಿಡಿದರೂ 33 ವರ್ಷ. ನಾನು ನಿವೃತ್ತನಾದ ಮೇಲೂ ಅದು ಸೇವೆಯಲ್ಲಿರಬೇಕಿತ್ತು. ಎರಡೇ ವರ್ಷಕ್ಕೆ ಹೋಯಿತು. ಅದರೊಳಗೆ ತಂತಿ ಇರುವುದಿಲ್ಲ. ಒಂದು ಮಿಲಿಮೀಟರಿನಷ್ಟು ಸಂದಿಯಲ್ಲಿ, ಸುಮಾರು 200 ವಾಯುಭಾರದ ಒತ್ತಡದ ಪಾದರಸದ ಆವಿಯೊಳಗೆ ಕಿಡಿ ಉರಿಯುತ್ತದೆ. ಆರಿಸಿದ ಮೇಲೂ ಫ್ಯಾನು ತುಸು ಹೊತ್ತು ತಿರುಗಿ ಅದನ್ನು ತಣಿಸಬೇಕು. ನಮ್ಮಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಕರೆಂಟು ಇದ್ದ ದಿನ ಗಂಟೆ ಬಾರಿಸಿದ್ದೇ ತಡ, ಯಾರಾದರೂ ಗೋಡೆಯ ಸ್ವಿಚ್ಚನ್ನೇ ಒತ್ತುತ್ತಾರೆ. ಬಲ್ಬು ಒಳಗೇ ಬೇಯುತ್ತದೆ. ಫಿಲ್ಟರ್ ಬಿಚ್ಚಿ ನೋಡಿದೆ, ಸೀಮೆಸುಣ್ಣದ ಪುಡಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಆದರೆ ಸತ್ತದ್ದು ಹೇಗೆಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ಎಷ್ಟರದು ಬೇಕು?

ಹಾನಗಲ್ಲಿನ ಪಂಡಿತರು 9 ವ್ಯಾಟಿನ ಎಲ್‌ಇಡಿ ಬಲ್ಬು ಕೈಗಿತ್ತರು. "ಇದನ್ನ ಹಚ್ಚಿ ನೋಡ್ರಿ ಸರ, ಎರಡು ವರ್ಷ ಗ್ಯಾರಂಟಿ ಐತಿ." ಮನೆಯ ಪಡಸಾಲೆಗೆ ಹಚ್ಚಿದ್ದೇನೆ, ಚೆನ್ನಾಗಿದೆ.

ಅತ್ತ ಮೂರು ಕೊಟೇಶನ್ ತರಿಸಿದೆವು. ಮೂರರಲ್ಲೂ ರೇಟಿತ್ತು, ಬಲ್ಬಿನ ನಂಬರು ಇರಲಿಲ್ಲ. ಕಂಪನಿಯ ಅಸಲಿ ಬಲ್ಬಿನ ಬೆಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಶಿಗ್ಗಾಂವಿಯ ಪಂಡಿತರನ್ನು ಆರಿಸಿದೆವು. ಬಲ್ಬು ಕೂರುವ ಹಳೆಯ ಹೌಸಿಂಗಿನೊಳಗೆ ಬರೀ ಬಲ್ಬು ಕೂಡಿಸಿ ಕೊಟ್ಟರು, ಅರ್ಧ ರೇಟು. ಕೂದಲೆಳೆಯಷ್ಟು ಓರೆಯಾಗಿತ್ತು. ಹತ್ತನೇ ತರಗತಿಗೆ ಹೃದಯದ ಪಾಠ: ಎಡಗಡೆಯ ಎರಡು ಕೋಣೆ ಝಗಮಗ, ಬಲಗಡೆ ಅಮಾವಾಸ್ಯೆ. ಹದಿನೈದನೇ ದಿನ ಢಬ್ ಎಂದಿತು. ಪಾದರಸವಲ್ಲವೇ, ಕಿಟಕಿ ತೆಗೆದು ಹುಡುಗರನ್ನು ಹೊರಗೋಡಿಸಿದೆ. ಪಾಠ ಬೇಗ ಮುಗಿಯಿತೆಂದು ಅವರಿಗೆ ಖುಷಿಯೋ ಖುಷಿ. (ಹಿಂದೆ ಟೂರಿಂಗ್ ಟಾಕೀಸಿನ ಆಪರೇಟರ್ ಪ್ರೊಜೆಕ್ಟರಿನ ದೀಪದ ಕಾರ್ಬನ್ ಕಡ್ಡಿ ಸವೆದಂತೆಲ್ಲ ಕೈಯಾರೆ ಸರಿಸುತ್ತಿದ್ದ. ಅವನು ತೂಕಡಿಸಿದರೆ ನಾಯಕಿಯ ಮುಖ ಕಪ್ಪಿಡುತ್ತಿತ್ತು, ಟೆಂಟಿನ ತುಂಬ ಸೀಟಿ. ಆಗಲೂ ಹುಡುಗರಿಗೆ ಖುಷಿಯೇ.)

ಸವಣೂರಿನ ಪಂಡಿತರು ಎರಡನೇ ಬಲ್ಬು ತಂದರು. ಮೇಜಿನ ಮೇಲೆ ಸವಣೂರು ಖಾರದ ಪೊಟ್ಟಣ ಬಿಚ್ಚಿತ್ತು. ಒಂದು ಮುಕ್ಕು ಬಾಯಿಗೆ ಹಾಕಿಕೊಂಡು ಅದೇ ಬೆರಳಲ್ಲಿ ಬಲ್ಬಿನ ಗಾಜು ಹಿಡಿದು, ಬೆಳಕಿಗೆ ತಿರುಗಿಸಿ, "ಮಾಲು ಚಲೋ ಐತಿ" ಎಂದರು. ಗಾಜಿನ ಮೇಲೆ ಐದು ಬೆರಳಿನ ಎಣ್ಣೆಗುರುತು. ಎಣ್ಣೆ ತಾಗಿದಲ್ಲಿ ಗಾಜು ಹೆಚ್ಚು ಕಾಯ್ದು ಬಿರಿಯುತ್ತದೆ, ಬರಿಗೈಯಲ್ಲಿ ಮುಟ್ಟಬಾರದು ಎಂದೆ. "ನಿಮ್ಮದೇನ್ರೀ ಮಡಿ!" ಎಂದು ನಕ್ಕರು. ಮಡಿ ಒಂದು ವಾರಕ್ಕೆ ಕೆಟ್ಟಿತು.

ಕೊನೆಗೆ ಹಿರೇಕೆರೂರಿನ ಬೀಗರೊಬ್ಬರು ಬಂದರು. ಹತ್ತಿಯ ಕಳಪೆ ಬೀಜಕ್ಕೆ ಒಮ್ಮೆ ಕೈಸುಟ್ಟುಕೊಂಡ ರೈತರು. "ಬೀಜ ತರುವಾಗ ಪಾಕೀಟಿನ ಲಾಟ್ ನಂಬರ್ ನೋಡತೇವಿ, ಬಿಲ್ ಇಟಗೊಂತೇವಿ. ಇದರ ನಂಬರ್ ಏನೈತ್ರಿ?" ಇಡೀ ನಾಲ್ಕು ತಾಲ್ಲೂಕಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ನಂಬರು ಹುಡುಕಿದೆವು. ಪ್ರೊಜೆಕ್ಟರಿನ ಜೊತೆಗೆ ಬಂದ ಪುಸ್ತಕ ಗೆದ್ದಲಿಗೆ ಆಹಾರವಾಗಿದೆ. ಹೌಸಿಂಗಿನ ಚೀಟಿ ಕಾದು ಕಂದಿದೆ. ಪ್ರೊಜೆಕ್ಟರನ್ನೇ ಬೋರಲು ಹಾಕಿದೆವು. ಮಾಡೆಲ್ ನಂಬರಿನ ಜಾಗದ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ದಪ್ಪಗೆ: "ದಾನಿಗಳು, ಮಾತೋಶ್ರೀಯವರ ಸ್ಮರಣಾರ್ಥ". ಟರ್ಪೆಂಟೈನ್ ತರಿಸಲು ಹೊರಟೆ. "ಸತ್ತ ತಾಯಿ ಹೆಸರು ಅಳಸ್ತೀರೇನ್ರಿ ಸರ?" ಎಂದು ಎಸ್‌ಡಿಎಂಸಿ ಅಧ್ಯಕ್ಷರು ತಡೆದರು.

ಹೆಸರಿಗೆ ಧಕ್ಕೆಯಾಗದಂತೆ ನಂಬರು ಓದುವ ಬಗ್ಗೆ ಸೋಮವಾರ ಸಭೆ. ನಾಲ್ಕೂ ತಾಲ್ಲೂಕಿನವರು ದಯಮಾಡಿಸಬೇಕು. ಮಿರ್ಚಿ, ಚುರಮರಿ, ಚಹಾ ಉಂಟು. ಸವಣೂರಿನವರು ಮಾತ್ರ ಕೈ ತೊಳೆದುಕೊಂಡು ಒಳಗೆ ಬರಬೇಕಾಗಿ ವಿನಂತಿ.

ಇಂತಿ ನಿಮ್ಮ,
ಕತ್ತಲಲ್ಲಿರುವ ಮಾಸ್ತರ