ಗೋಡೆಗೆ ಸೀರೆ ಉಡಿಸುವ ಅಕ್ಕ

ದೋಣಿಗಾಲಿನಿಂದ ಬಿಸಿಲೆಯವರೆಗೆ, ಇತ್ತ ಆಲೂರಿನ ಪಾಳ್ಯ, ಮಗ್ಗೆ ಕಡೆಗೂ ಈಗ ಹೋಂಸ್ಟೇ ಬೋರ್ಡಿಲ್ಲದ ತಿರುವು ಸಿಗುವುದು ಕಷ್ಟ. ಬೋರ್ಡು ಹಿಡಿದು ಒಳಗೆ ಹೋದರೆ ಅಲ್ಲೊಬ್ಬರು ಅಕ್ಕ ಇರುತ್ತಾರೆ. ಬೆಂಗಳೂರಿನ ಕಂಪನಿ ಕೆಲಸ ಸಾಕೆಂದು ಗಂಡನ ತೋಟಕ್ಕೆ ಬಂದವರು. ರೋಬಸ್ಟಾ, ಮೆಣಸಿನ ಲೆಕ್ಕವೆಲ್ಲ ಯಜಮಾನರದು. ಅಡುಗೆಮನೆ ಗೋಡೆ ಇವರದು.

ಆ ಗೋಡೆಗೆ ಬರಿಯ ಸುಣ್ಣ ಬಳಿದರೆ ಇವರಿಗೆ ನಿದ್ದೆ ಬಾರದು. ಅದಕ್ಕೆ ಹಳೇ ಕೈಹೊಲಿಗೆಯ ಬಟ್ಟೆಯೇ ಬೇಕು. ಹಾಗಾಗಿ ಊರಲ್ಲಿ ಯಾರ ಮನೆಗೆ ಹೋದರೂ ಕೊಟ್ಟ ಕಾಫಿ ಆರಿ ತಣ್ಣಗಾಗುತ್ತದೆ. ಇವರ ಕಣ್ಣು ಮೂಲೆಯ ಅಕ್ಕಿ ಡ್ರಮ್ಮಿನ ಮೇಲೆ. ಒಂದು ಕಾಲಕ್ಕೆ ಟೀವಿಗೆ ಹೊದಿಸಿದ್ದ ಕ್ರೋಶಾ ಬಟ್ಟೆ ಟೀವಿ ತೆಳ್ಳಗಾದ ಮೇಲೆ ಅಲ್ಲಿಗೆ ಬಡ್ತಿ ಪಡೆದಿರುತ್ತದಲ್ಲ, ಅದು! "ಇದನ್ನ ನಂಗೆ ಕೊಡಿ ಆಂಟಿ, ಹೊಸ ಬೆಡ್‌ಶೀಟ್ ಕೊಡ್ತೀನಿ" ಎಂದು ಅಲ್ಲೇ ವ್ಯಾಪಾರ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರಿಗೆ ಇವರಿಂದ ಹೊಟ್ಟೆಪಾಡೇ ಕಷ್ಟವಾಗಿದೆ. ಜರಿ ಸೀರೆಗೆ ಡಬರಿ ಎಂದರೆ ಮನೆಯವರು, "ಹೋಗಮ್ಮ, ಎಸ್ಟೇಟ್ ಅಮ್ಮೋರು ಕುಕ್ಕರೇ ಕೊಡ್ತಾರೆ" ಎಂದು ಬಾಗಿಲು ಹಾಕುತ್ತಾರೆ.

ಗೋಡೆಯ ನಡುವೆ ಧಾರವಾಡದ ಕಡೆಯಿಂದ ತರಿಸಿದ ಕೌದಿ. ಪಕ್ಕದಲ್ಲಿ ಇಳಕಲ್ ಸೀರೆಯ ಸೆರಗು, ಅದರ ತುಂಬ ಕಸೂತಿ: ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ. ವಾರಾಂತ್ಯದ ಅತಿಥಿಗಳು ಬಂದೊಡನೆ ಪಾಠ ಶುರು. "ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕೇ ಥರದ ಹೊಲಿಗೆ. ಮೊದಲೇ ಗೆರೆ ಬರ್ಕೊಳ್ಳೋಲ್ಲ, ಎಳೆ ಎಣಿಸ್ಕೊಂಡೇ ಹೊಲಿಯೋದು. ಗಂಟು ಹಾಕೋ ಹಾಗಿಲ್ಲ. ಗವಂತಿಲಿ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ, ನೋಡಿ" ಎಂದು ಬಟ್ಟೆ ತಿರುಗಿಸುತ್ತಾರೆ. ಹಿಂದಿದ್ದ ಹಲ್ಲಿ ಅತಿಥಿಯ ಭುಜದ ಮೇಲೆ ಜಿಗಿಯುತ್ತದೆ. ಯಜಮಾನರಿಗೆ ಇಷ್ಟವಾದದ್ದು ಆನೆಯೊಂದೇ. "ಬೈನೆ ಮರ ಉರುಳಿಸದ ಆನೆ ಈ ತಾಲ್ಲೂಕಲ್ಲಿ ಇದೊಂದೇ" ಎನ್ನುತ್ತಾರೆ.

ಇವೆಲ್ಲಕ್ಕೂ ಮೇಲೆ, ಕಟ್ಟು ಹಾಕಿಸಿದ ಮ್ಯಾಟಿ ಬಟ್ಟೆ. ಅದರ ಮೇಲೆ ಹಸಿರು ದಾರದ ಎರಡು ಗಿಣಿ. ಎಡಗಡೆಯದಕ್ಕೆ ಕೆಂಪು ಕಣ್ಣಿದೆ, ಬಲಗಡೆಯದಕ್ಕೆ ಕಣ್ಣೇ ಇಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ ದನಿ ತಗ್ಗಿಸಿ, "ದೃಷ್ಟಿ ಆಗಬಾರದು ಅಂತ ಬೇಕಂತಲೇ ಬಿಡ್ತಿದ್ರು, ನಮ್ಮ ಮಲೆನಾಡಿನ ಪದ್ಧತಿ" ಎನ್ನುತ್ತಾರೆ. ಅತಿಥಿಗಳು ಫೋಟೋ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಕಡುಬಿನ ತಟ್ಟೆ ಹಿಡಿದು ಬಂದ ಅತ್ತೆ ಗುಟ್ಟು ಒಡೆಯುತ್ತಾರೆ. "ಯಾವ ಪದ್ಧತಿನೇ? ಗಂಡಿನ ಕಡೆಯೋರಿಗೆ ತೋರಿಸ್ಬೇಕು ಅಂತ ನಮ್ಮವ್ವ ಹೊಲಿಸಿದ್ದು. ಅವರು ಒಂದು ವಾರ ಮುಂಚೆನೇ ಬಂದು ಒಪ್ಕೊಂಡ್ಬಿಟ್ರು. ಆಮೇಲೆ ಇನ್ಯಾಕೆ ಕಣ್ಣು ಅಂತ ಸೂಜಿ ಎತ್ತಿಟ್ಟೆ!"

ಕಡುಬು ಎಲ್ಲಿಂದ ಬಂತು ಎನ್ನುವಿರಾ? ಅಡುಗೆ ನಡೆಯುವುದು ಹಿಂದಿನ ಸೌದೆ ಒಲೆಯ ಮನೆಯಲ್ಲಿ. ಬಟ್ಟೆ ತೊಡಿಸಿದ ಅಡುಗೆಮನೆಯಲ್ಲಿ ಒಗ್ಗರಣೆಗೆ ಪ್ರವೇಶವಿಲ್ಲ, ಎಣ್ಣೆ ಸಿಡಿಯುತ್ತದೆ. ಆದರೆ ಆಷಾಢದ ಮಳೆಗೆ ಈ ಕಟ್ಟಳೆ ಗೊತ್ತಿಲ್ಲ. ಹದಿನೈದು ದಿನ ಬಿಸಿಲು ಕಾಣದಿದ್ದರೆ ಕೌದಿಗೆ ಬೂಷ್ಟು, ಕಸೂತಿಗೆ ಮುಗ್ಗಲು ವಾಸನೆ. ಕರ್ಪೂರ, ಲವಂಗ, ಬೇವು ಎಲ್ಲ ಸೋತ ಮೇಲೆ ಇಡೀ ಗೋಡೆ ಕಳಚಿಕೊಂಡು ಅತ್ತೆಯ ಒಲೆಯ ಅಟ್ಟ ಹತ್ತುತ್ತದೆ. ಬಿತ್ತನೆ ಭತ್ತಕ್ಕೆ ಹುಳ ಬೀಳದಂತೆ ಕಾದ ಹೊಗೆಯೇ ಇಳಕಲ್ ಸೆರಗನ್ನೂ ಕಾಯುತ್ತದೆ.

ಇದೇ ಹೊತ್ತಿಗೆ ತೋಟದ ಹಳೇ ಆಳೊಬ್ಬರು ಹಿತ್ತಿಲ ಬಾಗಿಲಲ್ಲಿ ತಲೆ ಕೆರೆಯುತ್ತಾ ನಿಲ್ಲುತ್ತಾರೆ. ಅವರ ಕಂಬಳಿ ಕೊಪ್ಪೆಯನ್ನು ಹೋದ ಬೇಸಿಗೆಯಲ್ಲಿ ರೈನ್‌ಕೋಟ್ ಕೊಟ್ಟು ಅಕ್ಕ ಗೋಡೆಗೇರಿಸಿದ್ದಾರೆ. "ಅಮ್ಮೋರೆ, ಈ ಪ್ಲಾಸ್ಟಿಕ್ ಒಳಗೆ ಬೆವರಿ ನೆನೆಯೋದಕ್ಕಿಂತ ಮಳೇಲಿ ನೆನೆಯೋದೇ ವಾಸಿ. ನನ್ ಕೊಪ್ಪೆ ಕೊಟ್ಬಿಡಿ. ಮಳೆ ನಿಂತ್ಮೇಲೆ ನಾನೇ ತಂದು ಗೋಡೆಗೆ ನೇತಾಕ್ತೀನಿ."

ಹಾಗೆಂದು ಈ ಅಕ್ಕಂದಿರನ್ನು ಬೈಯುವಂತಿಲ್ಲ. ಇವರು ಎತ್ತಿ ತರದಿದ್ದರೆ ಆ ಗಿಣಿಗಳು ಟ್ರಂಕಿನಲ್ಲಿ ಜಿರಲೆಗೆ ಊಟವಾಗುತ್ತಿದ್ದವು, ಕೌದಿ ಕಾರು ಒರೆಸುತ್ತಿತ್ತು. ನನ್ನ ಅರಿಕೆ ಎರಡೇ. ಕಟ್ಟಿನ ಕೆಳಗೆ ಹೊಲಿದವರ ಹೆಸರು ಬರೆಸಿ. ಅವರು ಹಿಂದಿನ ಮನೆಯಲ್ಲೇ ಕಡುಬು ಬೇಯಿಸುತ್ತಿದ್ದರೆ ಕರೆದು ಕೂರಿಸಿ ಅವರಿಂದಲೇ ಪಾಠ ಹೇಳಿಸಿ. ಕೊಪ್ಪೆಯನ್ನು ಮಾತ್ರ ಮಳೆಗಾಲಕ್ಕೆ ಮುಂಚೆಯೇ ವಾಪಸ್ ಕೊಟ್ಟುಬಿಡಿ.